ಮಹಾಮಾರಿಯ ದಿನಗಳಲ್ಲಿ ಗಡಿನಾಡಿನ ಅರ್ಬುದರೋಗಿ

(ಸಂಘದ ವಾರ್ಷಿಕೋತ್ಸವದ ಸಭೆಯಲ್ಲಿ ಮಾಡಿದ ಭಾಷಣ)



ಈ ಶುಭಸಂದರ್ಭದಲ್ಲಿ ನಾಲ್ಕು ಮಾತುಗಳನ್ನಾಡಬೇಕೆಂದು ಸಂಘದ ಕಾರ್ಯದರ್ಶಿಗಳು ನಮಗೆ ಅಪ್ಪಣೆ ಮಾಡಿದಾಗ, ಹಳಗನ್ನಡದ ಯಾವುದಾದರೊಂದು ಕಾವ್ಯವನ್ನು ಕುರಿತೋ, ಗಡಿಸೀಮೆಯ ಶಾಲೆಗಳಲ್ಲಿ ಕನ್ನಡದ ಸ್ಥಿತಿಗತಿಗಳನ್ನು ಕುರಿತೋ ನಾವು ಮಾತನಾಡುವೆವೆಂದು ಅವರು ಎಣಿಸಿದ್ದಿರಬಹುದು. ನಮ್ಮ ವೃತ್ತಿಗೆ ಒಪ್ಪುವ ವಿಷಯಗಳು ಅವೇ ಸರಿ. ಆದರೆ ಇಂದು ನಾವು ಆರಿಸಿಕೊಂಡಿರುವುದು ಬೇರೊಂದನ್ನು. 2020ರಲ್ಲಿ ಕೊರೋನಾ ಮಹಾಮಾರಿಯು ನಾಡನ್ನು ಹೊಕ್ಕಾಗ, ಅದಕ್ಕೆ ಮೊದಲೇ ಮತ್ತೊಂದು ದಾರುಣವ್ಯಾಧಿಗೆ ತುತ್ತಾಗಿದ್ದ ಬಡವರು, ಎಂದರೆ ಕ್ಯಾನ್ಸರಿನ ರೋಗಿಗಳು, ಏನಾದರು? ಅವರಲ್ಲಿಯೂ ನಮ್ಮ ಕಾಸರಗೋಡಿನಂತಹ ಗಡಿಸೀಮೆಯವರು ಏನಾದರು? ಇದೇ ಇಂದಿನ ವಿಷಯ.

ನಾವು ವೈದ್ಯರಲ್ಲ, ವಿದ್ವತ್ ಪರೀಕ್ಷೆಗೆ ಓದಿ, ಹೈಸ್ಕೂಲಿನಲ್ಲಿ ಮಕ್ಕಳಿಗೆ ಕನ್ನಡ ಕಲಿಸುವವರು. ಚಿಕಿತ್ಸೆಯ ಗುಣದೋಷಗಳನ್ನು ವಿಚಾರಿಸುವ ಅಧಿಕಾರ ನಮಗಿಲ್ಲ. ಆದರೆ ರೋಗಿಯು ಆಸ್ಪತ್ರೆಯ ಬಾಗಿಲನ್ನು ಮುಟ್ಟುವವರೆಗಿನ ದಾರಿ ಎಂತಹುದೆಂಬುದು ಈ ಊರಿನಲ್ಲಿ ಬಾಳುವ ಯಾರಿಗೂ ತಿಳಿಯದ ಸಂಗತಿಯಲ್ಲ. ಆ ದಾರಿಯನ್ನು ಕುರಿತೇ ನಮ್ಮ ಮಾತು. ವಿಶ್ವ ಆರೋಗ್ಯ ಸಂಸ್ಥೆಯು 2023ರ ಮೇ 5ರಂದು ಕೊರೋನಾದ ತುರ್ತುಸ್ಥಿತಿ ಮುಗಿಯಿತೆಂದು ಸಾರಿತು. ಅಲ್ಲಿಂದೀಚೆಗೆ ಜಾತ್ರೆಗಳು ನಡೆದುವು, ಯಕ್ಷಗಾನದ ಮೇಳಗಳು ತಿರುಗಾಟಕ್ಕೆ ಹೊರಟುವು, ನಮ್ಮ ಉತ್ಸವವೂ ನಡೆಯುತ್ತಿದೆ. ಸಂಕಟವು ಕಳೆದೊಡನೆ ಅದನ್ನು ಮರೆಯುವುದು ಮನುಷ್ಯಸ್ವಭಾವ. ಮರೆಯುವುದಕ್ಕೆ ಮೊದಲು ಅದರಿಂದ ಕಲಿಯತಕ್ಕದ್ದನ್ನು ಕಲಿತುಕೊಳ್ಳೋಣವೆಂಬುದಷ್ಟೇ ನಮ್ಮ ಬಿನ್ನಹ.

ಕ್ಯಾನ್ಸರ್ ಎಂಬುದು ಲ್ಯಾಟಿನ್ ಭಾಷೆಯಲ್ಲಿ ಏಡಿಯ ಹೆಸರು. ನಮ್ಮ ಆಯುರ್ವೇದ ಗ್ರಂಥಗಳಲ್ಲಿ ಬರುವ ಅರ್ಬುದವೆಂಬ ಶಬ್ದವನ್ನು ಕನ್ನಡದ ವಿದ್ವಾಂಸರು ಇದಕ್ಕೆ ಬಳಸುತ್ತ ಬಂದಿದ್ದಾರೆ. ಆದರೆ ಹಳ್ಳಿಯ ಮನೆಗಳಲ್ಲಿ ಎರಡು ಹೆಸರುಗಳನ್ನೂ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. “ಗಡ್ಡೆ” ಎನ್ನುವರು, “ಹುಣ್ಣು” ಎನ್ನುವರು, “ಆ ಕಾಯಿಲೆ” ಎಂದು ದನಿ ತಗ್ಗಿಸುವರು. ಹೆಸರು ಹೇಳಿದರೆ ರೋಗ ಬಲಿಯುವುದೆಂಬ ಭೀತಿ ಕೆಲವರಿಗೆ. ಮಗಳ ಮದುವೆಗೆ ಅಡ್ಡಿಯಾದೀತೆಂಬ ಚಿಂತೆ ಕೆಲವರಿಗೆ. ಹೀಗೆ ಬಚ್ಚಿಟ್ಟ ರೋಗವು ವೈದ್ಯರ ಕಣ್ಣಿಗೆ ಬೀಳುವ ವೇಳೆಗೆ ಬಹುಮಟ್ಟಿಗೆ ಮುಂದುವರಿದಿರುತ್ತದೆ. ಎಂದರೆ ಮಹಾಮಾರಿ ಬರುವುದಕ್ಕೆ ಮೊದಲೇ ನಮ್ಮ ಬಡವನು ಹೊತ್ತು ಮೀರಿ ಹೊರಟವನು. ಅಂತಹವನ ಎದುರಿಗೆ ದಾರಿಯೂ ಮುಚ್ಚಿತೆಂದಮೇಲೆ ಅವನ ಪಾಡನ್ನು ಊಹಿಸಿಕೊಳ್ಳಬಹುದು.

ಈ ವ್ಯಾಧಿಯ ಚಿಕಿತ್ಸೆಗೆ ತನ್ನದೇ ಆದ ಒಂದು ಪಂಚಾಂಗವುಂಟು. ರಕ್ತನಾಳದ ಮೂಲಕ ಕೊಡುವ ಔಷಧವನ್ನು, ಕೀಮೋ ಎಂದು ಜನರು ಕರೆಯುವುದನ್ನು, ಅನೇಕ ಸಂದರ್ಭಗಳಲ್ಲಿ ಮೂರು ವಾರಗಳಿಗೊಮ್ಮೆ ಕೊಡುತ್ತಾರೆ. ವಿಕಿರಣ ಚಿಕಿತ್ಸೆಯಾದರೆ ವಾರಕ್ಕೆ ಐದು ದಿನಗಳಂತೆ ಐದಾರು ವಾರಗಳ ಕಾಲ ನಿತ್ಯವೂ ಆಸ್ಪತ್ರೆಗೆ ಹೋಗಿ ಪಡೆಯಬೇಕಾದುದು ಸಾಮಾನ್ಯ. ಶಸ್ತ್ರಚಿಕಿತ್ಸೆಗೂ ಗೊತ್ತಾದ ಹೊತ್ತುಂಟು. 2020ರ ನವೆಂಬರಿನಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್ ಎಂಬ ಪತ್ರಿಕೆಯಲ್ಲಿ ಪ್ರಕಟವಾದ ಒಂದು ಸಮೀಕ್ಷೆಯು ಏಳು ಬಗೆಯ ಕ್ಯಾನ್ಸರುಗಳನ್ನು ಪರಿಶೀಲಿಸಿ, ಶಸ್ತ್ರಚಿಕಿತ್ಸೆಯು ನಾಲ್ಕು ವಾರ ತಡವಾದರೆ ಮರಣದ ಸಂಭವವು ಶೇಕಡಾ 6ರಿಂದ 8ರಷ್ಟು ಹೆಚ್ಚುವುದೆಂದು ತೋರಿಸಿಕೊಟ್ಟಿತು. ನಮ್ಮ ದೇಶದ ಮೊದಲ ಲಾಕ್‌ಡೌನ್ 2020ರ ಮಾರ್ಚಿ 25ರಿಂದ 21 ದಿನಗಳೆಂದು ಘೋಷಿತವಾಯಿತು. ಆರೋಗ್ಯವಂತನಿಗೆ ಅದು ಮೂರು ವಾರಗಳ ಬೇಸರ. ಕೀಮೋ ಪಡೆಯುತ್ತಿದ್ದವನಿಗೆ ತಪ್ಪಿಹೋದ ಒಂದು ಸುತ್ತು. ಮುಂದೆ ಅದು ಮೇ 31ರವರೆಗೆ ಬೆಳೆದು ಒಟ್ಟು 68 ದಿನಗಳಾಯಿತು. ಅಷ್ಟರಲ್ಲಿ ಅಂತಹ ಮೂರು ಸುತ್ತುಗಳು ಕಳೆದುಹೋಗಿದ್ದುವು.

ಇದು ಒಂದೂರಿನ ಕಥೆಯಲ್ಲ. ರಾಷ್ಟ್ರೀಯ ಕ್ಯಾನ್ಸರ್ ಗ್ರಿಡ್ ಎಂಬ ಕೂಟಕ್ಕೆ ಸೇರಿದ 41 ಚಿಕಿತ್ಸಾಕೇಂದ್ರಗಳ ಲೆಕ್ಕವನ್ನು ವೈದ್ಯರು ಸಂಗ್ರಹಿಸಿ 2021ರಲ್ಲಿ ಲ್ಯಾನ್ಸೆಟ್ ಆಂಕಾಲಜಿ ಪತ್ರಿಕೆಯಲ್ಲಿ ಪ್ರಕಟಿಸಿದ್ದಾರೆ. 2019ರ ಮಾರ್ಚಿಯಿಂದ ಮೇ ತಿಂಗಳ ಕೊನೆಯವರೆಗೆ ಈ ಕೇಂದ್ರಗಳಿಗೆ ಹೊಸದಾಗಿ ಬಂದು ಹೆಸರು ಬರೆಯಿಸಿಕೊಂಡ ರೋಗಿಗಳು 1,12,270 ಮಂದಿ. 2020ರ ಅದೇ ಮೂರು ತಿಂಗಳುಗಳಲ್ಲಿ ಬಂದವರು 51,760 ಮಂದಿ. ಎಂದರೆ ಶೇಕಡಾ 54ರಷ್ಟು ಇಳಿತ. ದೊಡ್ಡ ಶಸ್ತ್ರಚಿಕಿತ್ಸೆಗಳು ಶೇಕಡಾ 49ರಷ್ಟು, ದಿನದ ವಾರ್ಡಿನಲ್ಲಿ ಕೊಡುವ ಕೀಮೋ ಶೇಕಡಾ 37ರಷ್ಟು, ವಿಕಿರಣ ಚಿಕಿತ್ಸೆ ಶೇಕಡಾ 23ರಷ್ಟು ಕಡಿಮೆಯಾದುವು. ಆ ಮೂರು ತಿಂಗಳು ರೋಗವೇನೂ ಜನರಿಗೆ ರಜೆ ಕೊಟ್ಟಿರಲಿಲ್ಲ. ಬಾರದೆ ಉಳಿದ ಅರುವತ್ತು ಸಾವಿರ ಮಂದಿ ತಮ್ಮ ತಮ್ಮ ಮನೆಗಳಲ್ಲಿ ಗಡ್ಡೆಯನ್ನೋ ಹುಣ್ಣನ್ನೋ ಹೊತ್ತುಕೊಂಡು ಕುಳಿತಿದ್ದರೆಂದೇ ಇದರ ಅರ್ಥ.

ಇನ್ನು ನಮ್ಮ ಸೀಮೆಯ ವಿಶೇಷವಾದ ಸಂಕಟಕ್ಕೆ ಬರೋಣ. 1956ರ ನವೆಂಬರ್ 1ರಂದು ಅಂದಿನ ಕಾಸರಗೋಡು ತಾಲ್ಲೂಕು ಕೇರಳಕ್ಕೆ ಸೇರಿತು. 1984ರ ಮೇ 24ರಂದು ಪ್ರತ್ಯೇಕ ಜಿಲ್ಲೆಯಾಯಿತು. ರಾಜ್ಯ ಬದಲಾದರೂ ಜನರ ನಡೆದಾಟ ಬದಲಾಗಲಿಲ್ಲ. ಮದುವೆಗೆ ಜವಳಿ ತರುವುದಕ್ಕೂ, ಅಡಿಕೆ ಮಾರುವುದಕ್ಕೂ, ಮಕ್ಕಳನ್ನು ಕಾಲೇಜಿಗೆ ಸೇರಿಸುವುದಕ್ಕೂ ಮಂಗಳೂರೇ ನಮಗೆ ಪೇಟೆ. ರೋಗ ಬಂದರೂ ಮಂಗಳೂರೇ. 1848ರಲ್ಲಿ ಸ್ಥಾಪಿತವಾದ ವೆನ್ಲಾಕ್ ಆಸ್ಪತ್ರೆಯ ಹೆಸರನ್ನು ಅರಿಯದ ಮನೆ ನಮ್ಮಲ್ಲಿ ಇರಲಾರದು. ಮಂಜೇಶ್ವರದ ಕಡೆಯವರಿಗೆ ಮಂಗಳೂರು ಒಂದು ಗಂಟೆಯೊಳಗಿನ ದಾರಿ. ಕಾಸರಗೋಡು ಪಟ್ಟಣದಿಂದಲೂ ಅದು ಸುಮಾರು 50 ಕಿಲೋಮೀಟರು. ಕೇರಳದೊಳಗಿನ ಮಲಬಾರ್ ಕ್ಯಾನ್ಸರ್ ಕೇಂದ್ರವಿರುವ ತಲಶ್ಶೇರಿಗಾದರೋ 100 ಕಿಲೋಮೀಟರಿಗೂ ಹೆಚ್ಚು. ಪ್ರಾದೇಶಿಕ ಕ್ಯಾನ್ಸರ್ ಕೇಂದ್ರವಿರುವ ತಿರುವನಂತಪುರಕ್ಕೆ 550 ಕಿಲೋಮೀಟರಿಗೂ ಮಿಕ್ಕು. ಆದುದರಿಂದ ನಮ್ಮ ರೋಗಿಗಳಲ್ಲಿ ಬಹುಮಂದಿ ಗಡಿ ದಾಟಿಯೇ ಔಷಧೋಪಚಾರ ಪಡೆಯುತ್ತಿದ್ದರು. ತಲಪಾಡಿಯಲ್ಲಿ ಬಸ್ಸು ಒಂದು ರಾಜ್ಯದಿಂದ ಇನ್ನೊಂದಕ್ಕೆ ದಾಟುವುದನ್ನು ಯಾರೂ ಗಮನಿಸುತ್ತಿರಲಿಲ್ಲ.

2020ರ ಮಾರ್ಚಿಯಲ್ಲಿ ಆ ಗಡಿ ಎದ್ದು ನಿಂತಿತು. ಕೇರಳದಲ್ಲಿ ಆರಂಭದಲ್ಲಿಯೇ ಸೋಂಕು ಹೆಚ್ಚಾಗಿ ಕಾಣಿಸಿಕೊಂಡ ಜಿಲ್ಲೆಗಳಲ್ಲಿ ಕಾಸರಗೋಡೂ ಒಂದು. ಸೋಂಕು ತಮ್ಮತ್ತ ಹರಡೀತೆಂಬ ಭಯದಿಂದ ಕರ್ನಾಟಕದ ಅಧಿಕಾರಿಗಳು ತಲಪಾಡಿಯ ಹೆದ್ದಾರಿಯನ್ನು ಮುಚ್ಚಿದರು. ಒಳದಾರಿಗಳ ಮೇಲೆ ಮಣ್ಣಿನ ರಾಶಿ ಸುರಿಯಿಸಿದರು. ಆ ಭಯವು ನಿರಾಧಾರವಾದುದೆಂದು ನಾವು ಹೇಳುವುದಿಲ್ಲ. ಆ ದಿನಗಳಲ್ಲಿ ಅಣ್ಣನು ತಮ್ಮನ ಮನೆಯ ಮೆಟ್ಟಿಲನ್ನು ಹತ್ತುತ್ತಿರಲಿಲ್ಲ. ಒಂದು ಸರ್ಕಾರವು ತನ್ನ ಪ್ರಜೆಗಳ ರಕ್ಷಣೆಗೆ ಕ್ರಮ ಕೈಗೊಂಡುದರಲ್ಲಿ ಆಶ್ಚರ್ಯವಿಲ್ಲ. ಆದರೆ ಸೋಂಕನ್ನು ತಡೆಯಲು ಸುರಿದ ಮಣ್ಣು ಆಂಬುಲೆನ್ಸನ್ನೂ ತಡೆಯಿತು. ಚಿಕಿತ್ಸೆಗಾಗಿ ಮಂಗಳೂರನ್ನು ಸೇರಲಾರದೆ ಜಿಲ್ಲೆಯ ಹಲವು ರೋಗಿಗಳು ಪ್ರಾಣ ಬಿಟ್ಟರೆಂದು ಪತ್ರಿಕೆಗಳು ದಿನದಿನವೂ ವರದಿ ಮಾಡಿದುವು.

ವಿಷಯವು ನ್ಯಾಯಾಲಯದ ಮೆಟ್ಟಿಲೇರಿತು. 2020ರ ಏಪ್ರಿಲ್ 1ರಂದು ಕೇರಳದ ಉಚ್ಚ ನ್ಯಾಯಾಲಯವು, ತುರ್ತು ಚಿಕಿತ್ಸೆಗೆ ಹೋಗುವವರಿಗಾಗಿ ರಾಷ್ಟ್ರೀಯ ಹೆದ್ದಾರಿಯ ತಡೆಗಳನ್ನು ತೆರವು ಮಾಡಿಸಬೇಕೆಂದು ಕೇಂದ್ರ ಸರ್ಕಾರಕ್ಕೆ ಆದೇಶಿಸಿತು. ಕರ್ನಾಟಕವು ಸರ್ವೋಚ್ಚ ನ್ಯಾಯಾಲಯಕ್ಕೆ ಮೊರೆಹೋಯಿತು. ಏಪ್ರಿಲ್ 7ರಂದು, ಎರಡೂ ರಾಜ್ಯಗಳೂ ಕೇಂದ್ರವೂ ಕಲೆತು ರೋಗಿಗಳ ಸಂಚಾರಕ್ಕೆ ಒಂದು ನಿಯಮಾವಳಿಯನ್ನು ಒಪ್ಪಿಕೊಂಡಿವೆಯೆಂದು ತಿಳಿಸಲಾಗಿ, ಆ ವ್ಯಾಜ್ಯ ಮುಗಿಯಿತು. ಸೋಂಕಿಲ್ಲವೆಂಬುದಕ್ಕೆ ವೈದ್ಯರ ಪ್ರಮಾಣಪತ್ರವಿದ್ದ ರೋಗಿಯು ತಲಪಾಡಿಯನ್ನು ದಾಟುವಂತಾಯಿತು. ಮುಂದೆ 2021ರಲ್ಲಿ ಗಡಿಯಲ್ಲಿ ಮತ್ತೆ ಬಿಗಿ ಬಂತು. 72 ಗಂಟೆಗಳ ಒಳಗೆ ಮಾಡಿಸಿದ ಪರೀಕ್ಷೆಯ ಪತ್ರ ಬೇಕೆಂಬ ನಿಯಮ ಬಂತು. ನಾವು ಗಮನಿಸತಕ್ಕ ಸಂಗತಿಯೊಂದಿದೆ. ಏಪ್ರಿಲ್ 7ರಂದು ಸಾಧ್ಯವಾದ ಒಪ್ಪಂದವು ಗಡಿ ಮುಚ್ಚಿದ ದಿನವೇ ಸಾಧ್ಯವಾಗಬಹುದಾಗಿತ್ತು. ಅದಕ್ಕೆ ಹೊಸ ಔಷಧ ಬೇಕಿರಲಿಲ್ಲ, ಹೊಸ ಆಸ್ಪತ್ರೆ ಬೇಕಿರಲಿಲ್ಲ. ಮೊದಲೇ ಬರೆದಿಟ್ಟ ಒಂದು ಕಾಗದ ಸಾಕಾಗಿತ್ತು. ಆ ಕಾಗದವಿಲ್ಲದೆಯೇ ಎರಡು ವಾರಗಳು ಕಳೆದುವು.

ಗಡಿ ತೆರೆದೊಡನೆ ಬಡವನ ಕಷ್ಟ ತೀರಿತೆಂದು ಎಣಿಸಬಾರದು. ಪ್ರಮಾಣಪತ್ರವನ್ನು ಪಡೆಯಲು ಮೊದಲು ಆಸ್ಪತ್ರೆಗೆ ಹೋಗಬೇಕು. ಆಸ್ಪತ್ರೆಗೆ ಹೋಗಲು ವಾಹನ ಬೇಕು. ಬಸ್ಸೂ ಇಲ್ಲ, ರೈಲೂ ಇಲ್ಲ. ಬಾಡಿಗೆಯ ಕಾರಿಗೆ ಹಣ ಬೇಕು, ಹಣವೆಲ್ಲಿಂದ? ನಮ್ಮ ಹಳ್ಳಿಗಳ ಎಷ್ಟೋ ಮನೆಗಳು ಹೆಂಗಸರು ಕಟ್ಟುವ ಬೀಡಿಯಿಂದ ನಡೆಯುತ್ತವೆ. ಬೀಡಿಯ ಬ್ರಾಂಚು ಮುಚ್ಚಿತು; ಎಲೆಯೂ ಹೊಗೆಸೊಪ್ಪೂ ಬರುವುದು ನಿಂತಿತು. ಅಡಿಕೆ ತೋಟದ ಕೂಲಿ ನಿಂತಿತು. ಕಡಲಿಗೆ ದೋಣಿ ಇಳಿಯಲಿಲ್ಲ. ಬುಟ್ಟಿ ಹೆಣೆದು ಬದುಕುವ ಕೊರಗ ಸಮುದಾಯದವರಿಗೆ ಬುಟ್ಟಿ ಕೊಳ್ಳುವವರೇ ಇಲ್ಲವಾದರು. ಕಾರ್ಡನ್ನು ನೋಡಿ ಸರ್ಕಾರವು ಕೊಡುವ ನೆರವುಂಟಷ್ಟೆ ಎಂದರೆ, ಒಂದು ರಾಜ್ಯದ ಪಡಿತರ ಚೀಟಿಯ ಮೇಲೆ ದೊರೆಯುವ ನೆರವು ಇನ್ನೊಂದು ರಾಜ್ಯದ ಆಸ್ಪತ್ರೆಯಲ್ಲಿ ಸಲೀಸಾಗಿ ದೊರೆಯುವುದಿಲ್ಲ. ಗಡಿನಾಡಿನವನಿಗೆ ತನ್ನ ರಾಜ್ಯದ ಆಸ್ಪತ್ರೆ ದೂರ. ಹತ್ತಿರದ ಆಸ್ಪತ್ರೆಯ ರಾಜ್ಯ ತನ್ನದಲ್ಲ.

ಜೊತೆಗೆ ಹೋಗುವವರ ಮಾತೂ ಹಾಗೆಯೇ. ಕ್ಯಾನ್ಸರಿನ ರೋಗಿಯು ಒಂಟಿಯಾಗಿ ಆಸ್ಪತ್ರೆಗೆ ಹೋಗಿ ಬರಲಾರನು. ಕೀಮೋ ಪಡೆದು ಹೊರಬಂದವನಿಗೆ ವಾಂತಿ, ಬವಳಿ. ಅವನ ಕೈಹಿಡಿದು ನಡೆಸಲು ಒಬ್ಬರು ಬೇಕು. ಮಹಾಮಾರಿಯ ದಿನಗಳಲ್ಲಿ ಜೊತೆಗಾರರ ಸಂಖ್ಯೆಗೂ ಕಟ್ಟುಪಾಡು ಬಂತು. ವಾರಗಟ್ಟಲೆ ವಿಕಿರಣ ಚಿಕಿತ್ಸೆಗಾಗಿ ಪರಸ್ಥಳದಲ್ಲಿ ತಂಗಬೇಕಾದವರಿಗೆ ಛತ್ರ, ಹೋಟೆಲುಗಳು ಮುಚ್ಚಿದ್ದುವು. ರಕ್ತ ಬೇಕಾದಾಗ ಕೊಡಲು ಬರುತ್ತಿದ್ದ ಕಾಲೇಜಿನ ಹುಡುಗರು ಮನೆಗಳಲ್ಲಿ ಬಂದಿಗಳಾಗಿದ್ದರು. ಜಿಲ್ಲೆಯ ದೊಡ್ಡ ಸರ್ಕಾರಿ ಆಸ್ಪತ್ರೆಗಳು ಸೋಂಕಿನವರಿಗೆ ಮೀಸಲಾದುವು. ಬಾಯಿಹುಣ್ಣನ್ನು ಮೊದಲು ಕಂಡುಹಿಡಿಯತಕ್ಕ ದಂತವೈದ್ಯರು ಬಾಗಿಲು ಹಾಕಿದರು; ಪ್ರತಿಯೊಬ್ಬರ ಬಾಯನ್ನೂ ಮುಸುಕು ಮುಚ್ಚಿತು. ಎಲೆಯಡಿಕೆ ಮೆಲ್ಲುವ ನಮ್ಮ ಸೀಮೆಯಲ್ಲಿ ಇದು ಸಣ್ಣ ಮಾತಲ್ಲ. ಅಡಿಕೆಯು ಹೊಗೆಸೊಪ್ಪಿಲ್ಲದೆಯೂ ಕ್ಯಾನ್ಸರಿಗೆ ಕಾರಣವಾಗಬಲ್ಲುದೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನ ವಿಭಾಗವು 2004ರಲ್ಲಿಯೇ ಪ್ರಕಟಿಸಿದೆ. ಅಡಿಕೆಯನ್ನು ಬೆಳೆದು ಬದುಕುವವರ ಮುಂದೆ ಈ ಮಾತನ್ನಾಡುವುದು ನಮಗೆ ಹಿತವಲ್ಲ; ಆದರೂ ಆಡದಿರಲಾಗದು.

ಈಗ ನಮ್ಮ ವೃತ್ತಿಗೆ ತಾಗುವ ಒಂದು ಸಂಗತಿಯನ್ನು ಅರಿಕೆ ಮಾಡುತ್ತೇವೆ. ಆ ವರ್ಷದ ಏಪ್ರಿಲ್ ತಿಂಗಳಲ್ಲಿ ನಮ್ಮ ಶಾಲೆಯ ಒಂಬತ್ತನೆಯ ತರಗತಿಯ ಹುಡುಗನೊಬ್ಬನು, ಮುಖಕ್ಕೆ ವಸ್ತ್ರ ಕಟ್ಟಿಕೊಂಡು, ನಮ್ಮ ಮನೆಯ ಗೇಟಿನ ಹೊರಗೆ ನಿಂತು, “ಮಾಷ್ಟ್ರೇ, ಇದೊಂದು ಕಾಗದ ಓದಿ ಹೇಳ್ತೀರಾ?” ಎಂದು ಕೇಳಿದನು. ಅವನ ತಾಯಿಗೆ ಸ್ತನದ ಕ್ಯಾನ್ಸರು. ಮಾರ್ಚಿಯ ಮಧ್ಯದಲ್ಲಿ ಒಂದು ಸುತ್ತು ಕೀಮೋ ಆಗಿತ್ತು. ಆಸ್ಪತ್ರೆಯವರು ಕೊಟ್ಟ ಕಾಗದ ಇಂಗ್ಲಿಷಿನಲ್ಲಿತ್ತು. ಆಮೇಲೆ ಆರೋಗ್ಯ ಕೇಂದ್ರದಿಂದ ಬಂದ ಸೂಚನೆಯ ಚೀಟಿ ಮಲೆಯಾಳದಲ್ಲಿತ್ತು. ಮನೆಯಲ್ಲಿ ಆಡುವುದು ತುಳು, ಓದಲು ಬರುವುದು ಕನ್ನಡ. ತಾಯಿಗೆ ಎರಡು ದಿನಗಳಿಂದ ಜ್ವರ. ಜ್ವರವೆಂದು ಹೊರಗೆ ತಿಳಿದರೆ ಸೋಂಕೆಂದು ಭಾವಿಸಿ ಕರೆದೊಯ್ಯುವರೆಂದು ಹೆದರಿ, ಗುಳಿಗೆಯೊಂದನ್ನು ನುಂಗಿಸಿ ಕೋಣೆಯಲ್ಲಿ ಮಲಗಿಸಿದ್ದರು. ಕಾಗದದ ಕೆಳತುದಿಯಲ್ಲಿ, ಜ್ವರವು 100.4 ಡಿಗ್ರಿ ಫ್ಯಾರನ್‌ಹೀಟಿಗೆ ಏರಿದರೆ ತಡಮಾಡದೆ ಆಸ್ಪತ್ರೆಗೆ ಬರತಕ್ಕದ್ದೆಂದು ಅಚ್ಚಾಗಿತ್ತು. ಕೀಮೋ ಪಡೆದವರ ರಕ್ತದಲ್ಲಿ ಬಿಳಿಯ ಕಣಗಳು ಇಳಿಯುತ್ತವೆ. ರೋಗಾಣುಗಳನ್ನು ಎದುರಿಸುವ ಕಾವಲು ಕುಂದುತ್ತದೆ. ಆಗ ಬರುವ ಜ್ವರವನ್ನು ಕೆಲವು ಗಂಟೆಗಳೊಳಗೆ ಚಿಕಿತ್ಸೆಗೆ ಒಳಪಡಿಸದಿದ್ದರೆ ಪ್ರಾಣಕ್ಕೆ ಅಪಾಯ. ನೆರೆಹೊರೆಯವರು ಕೂಡಿ ವಾಹನ ಗೊತ್ತುಮಾಡಿ ಆಕೆಯನ್ನು ಅಂದೇ ಆಸ್ಪತ್ರೆಗೆ ಸೇರಿಸಿದರು. ಆಕೆ ಬದುಕಿಕೊಂಡರು.

ಆ ಒಂದು ಸಾಲು ಕನ್ನಡದಲ್ಲಿ ಅಚ್ಚಾಗಿದ್ದರೆ ಆ ಎರಡು ದಿನಗಳು ವ್ಯರ್ಥವಾಗುತ್ತಿರಲಿಲ್ಲ. ಆ ಹುಡುಗನು ಓದು ಬಾರದವನಲ್ಲ. ತರಗತಿಯಲ್ಲಿ ಷಟ್ಪದಿಯನ್ನು ತಡವರಿಸದೆ ಓದುವವನು. ಗಡಿನಾಡಿನಲ್ಲಿ ಕನ್ನಡ ಉಳಿಯಬೇಕೆಂದು ನಾವು ವರ್ಷವರ್ಷವೂ ನಿರ್ಣಯಗಳನ್ನು ಅಂಗೀಕರಿಸುತ್ತೇವೆ. ಉಳಿಯಬೇಕಾದುದು ಏತಕ್ಕೆ? ಉತ್ಸವದ ದಿನ ಹಾಡುವುದಕ್ಕೆ ಮಾತ್ರವೇ? ತಾಯಿಯ ಔಷಧದ ಚೀಟಿಯನ್ನು ಮಗನು ಓದಿ ತಿಳಿಯುವಂತಾದರೆ ಆ ಭಾಷೆಯನ್ನು ಉಳಿಸೆಂದು ಯಾರೂ ಯಾರಿಗೂ ಬೋಧಿಸಬೇಕಾಗಿಲ್ಲ.

ಕತ್ತಲೆಯನ್ನಷ್ಟೇ ಹೇಳಿ ಬೆಳಕನ್ನು ಮರೆಮಾಚುವುದು ನ್ಯಾಯವಲ್ಲ. ಆ ದಿನಗಳಲ್ಲಿ ನಡೆದ ಒಳ್ಳೆಯ ಕಾರ್ಯಗಳೂ ಉಂಟು. ತಿರುವನಂತಪುರದ ಪ್ರಾದೇಶಿಕ ಕ್ಯಾನ್ಸರ್ ಕೇಂದ್ರವು ದೂರದ ರೋಗಿಗಳನ್ನು ಅಷ್ಟು ದೂರ ಬರಿಸುವುದಕ್ಕೆ ಬದಲಾಗಿ, ಜಿಲ್ಲೆಗಳ ಸರ್ಕಾರಿ ಆಸ್ಪತ್ರೆಗಳಲ್ಲಿಯೇ ಕೀಮೋ ದೊರೆಯುವಂತೆ ಆರೋಗ್ಯ ಇಲಾಖೆಯೊಡನೆ ಸೇರಿ ಏರ್ಪಾಟು ಮಾಡಿತು. ಕೇರಳದ ಅಗ್ನಿಶಾಮಕ ದಳದವರು, ಬೆಂಕಿ ಆರಿಸುವ ಅದೇ ಕೈಗಳಿಂದ, ಕ್ಯಾನ್ಸರಿನ ಔಷಧಗಳನ್ನು ರೋಗಿಗಳ ಮನೆಗಳಿಗೆ ಮುಟ್ಟಿಸಿದರು. 2020ರ ಮಾರ್ಚಿ 25ರಂದು ಕೇಂದ್ರ ಸರ್ಕಾರವು ಹೊರಡಿಸಿದ ಮಾರ್ಗಸೂಚಿಯಿಂದಾಗಿ ವೈದ್ಯರು ದೂರವಾಣಿಯ ಮೂಲಕ ಸಲಹೆ ಕೊಡುವುದಕ್ಕೆ ಸ್ಪಷ್ಟವಾದ ಒಪ್ಪಿಗೆ ದೊರೆಯಿತು. ಗುಣವಾಗದ ರೋಗಿಗಳ ನೋವನ್ನು ಶಮನಗೊಳಿಸುವ ಸಾಂತ್ವನ ಚಿಕಿತ್ಸೆಯು ಕೇರಳದಲ್ಲಿ 1993ರಲ್ಲಿ ಕೋಳಿಕ್ಕೋಡಿನಲ್ಲಿ ಆರಂಭವಾದ ಒಂದು ಸಂಘದಿಂದ ಬೆಳೆದು, 2008ರಲ್ಲಿ ಸರ್ಕಾರದ ನೀತಿಯಾಗಿ, ಪಂಚಾಯತಿಗಳವರೆಗೆ ಹಬ್ಬಿತ್ತು. ದಾದಿಯೂ ಸ್ವಯಂಸೇವಕರೂ ಮನೆಗೇ ಹೋಗುವ ಈ ಪದ್ಧತಿಯು ಬಸ್ಸುಗಳು ನಿಂತಾಗ ಎಷ್ಟೋ ಮಂದಿಗೆ ಊರುಗೋಲಾಯಿತು. 2021ರ ಮಾರ್ಚಿ 1ರಿಂದ 45 ವರ್ಷ ಮೇಲ್ಪಟ್ಟ, ಕ್ಯಾನ್ಸರಿನ ಚಿಕಿತ್ಸೆಯಲ್ಲಿದ್ದವರಿಗೆ ಲಸಿಕೆಯಲ್ಲಿ ಆದ್ಯತೆಯೂ ದೊರೆಯಿತು.

ನಮ್ಮ ಜಿಲ್ಲೆಯ ಉಕ್ಕಿನಡ್ಕದಲ್ಲಿ 2013ರ ನವೆಂಬರ್ 30ರಂದು ಶಂಕುಸ್ಥಾಪನೆಯಾಗಿದ್ದ ವೈದ್ಯಕೀಯ ಕಾಲೇಜಿನ ಕಟ್ಟಡದಲ್ಲಿ 2020ರ ಏಪ್ರಿಲ್ 6ರಂದು ಸೋಂಕಿನ ಆಸ್ಪತ್ರೆ ಆರಂಭವಾಯಿತು. ಆರು ವರ್ಷಕ್ಕೂ ಹೆಚ್ಚು ಕಾಲ ಸಾಗದ ಕಾರ್ಯವು ಆಪತ್ತು ಬಂದಾಗ ಕೆಲವೇ ದಿನಗಳಲ್ಲಿ ಸಾಗಿತು. ಇದರಿಂದ ಏನು ಸಿದ್ಧವಾಗುತ್ತದೆಂದರೆ, ಮನಸ್ಸು ಮಾಡಿದರೆ ಸಾಧ್ಯವಾಗುವ ಕಾರ್ಯಗಳು ಬಹಳವಿವೆ. ಮನಸ್ಸು ಮಾಡಿಸುವವರು ಬೇಕು. ಆ ಮನಸ್ಸು ಮಾಡಿಸುವುದು ನಮ್ಮಂತಹ ಸಂಘಗಳ ಕರ್ತವ್ಯವಲ್ಲದೆ ಮತ್ತಾರದು?

ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದಂತೆ ಎಂಬ ಗಾದೆ ನಮ್ಮೆಲ್ಲರಿಗೂ ಬರುತ್ತದೆ. ಬೆಂಕಿಯಿಲ್ಲದ ಈ ಹೊತ್ತಿನಲ್ಲಿ ತೋಡಬಹುದಾದ ಬಾವಿಗಳು ಯಾವುವು? ನಮ್ಮ ಅಲ್ಪಮತಿಗೆ ತೋಚಿದ ನಾಲ್ಕನ್ನು ಸಭೆಯ ಮುಂದಿಡುತ್ತೇವೆ.

ಮೊದಲನೆಯದು, ಒಂದು ಚೀಟಿ. ರೋಗಿಯ ಕಾಯಿಲೆ ಯಾವುದು, ಕೊಡುತ್ತಿರುವ ಔಷಧ ಯಾವುದು, ಎಷ್ಟನೆಯ ಸುತ್ತು ಮುಗಿದಿದೆ, ಮುಂದಿನ ದಿನಾಂಕ ಯಾವುದು, ರಕ್ತದ ಗುಂಪು ಯಾವುದು, ಯಾವ ಲಕ್ಷಣ ಕಂಡರೆ ಕೂಡಲೆ ಆಸ್ಪತ್ರೆಗೆ ಬರಬೇಕು, ಯಾರಿಗೆ ದೂರವಾಣಿ ಮಾಡಬೇಕು ಎಂಬಿಷ್ಟನ್ನು ಕನ್ನಡ, ಮಲೆಯಾಳ, ಇಂಗ್ಲಿಷು ಮೂರರಲ್ಲಿಯೂ ಅಚ್ಚು ಮಾಡಿದ ಒಂದೇ ಹಾಳೆ. ಬರೆಯತಕ್ಕವರು ವೈದ್ಯರು, ಅಚ್ಚು ಹಾಕಿಸಿ ಮನೆಮನೆಗೆ ಹಂಚತಕ್ಕವರು ನಾವು. ರೋಗಿಯು ಬೇರೊಂದು ಆಸ್ಪತ್ರೆಗೆ ಹೋಗಬೇಕಾಗಿ ಬಂದರೂ ಅಲ್ಲಿಯ ವೈದ್ಯರು ಈ ಹಾಳೆಯನ್ನು ನೋಡಿ ಚಿಕಿತ್ಸೆಯನ್ನು ಮುಂದುವರಿಸುವುದು ಸುಲಭವಾಗುತ್ತದೆ. ಇದರ ಕನ್ನಡವನ್ನು ತಿದ್ದಿಕೊಡುವ ಕೆಲಸವನ್ನು ಜಿಲ್ಲೆಯ ಕನ್ನಡ ಪಂಡಿತರು ವಹಿಸಿಕೊಳ್ಳಲಿ. ನಮ್ಮ ಪಾಲಿನ ಕೆಲಸಕ್ಕೆ ನಾವು ಸಿದ್ಧರಿದ್ದೇವೆ.

ಎರಡನೆಯದು, ಜೊತೆಗಾರರ ಪಡೆ. ಪ್ರತಿಯೊಂದು ಪಂಚಾಯತಿಯಲ್ಲಿ ನಾಲ್ಕೈದು ಮಂದಿ ತರುಣರು, ಇಬ್ಬರು ಮೂವರು ಸ್ತ್ರೀಯರು, ಎರಡು ವಾಹನಗಳು. ಜೊತೆಗೆ ಸಂಘದ ನಿಧಿಯಿಂದ ಪ್ರಯಾಣಕ್ಕೆಂದು ಬೇರೆಯಾಗಿ ತೆಗೆದಿರಿಸಿದ ಒಂದು ಸಣ್ಣ ಮೊತ್ತ. ರೋಗಿಗಳ ಹೆಸರನ್ನು ಅವರ ಒಪ್ಪಿಗೆಯಿಲ್ಲದೆ ಬರೆದುಕೊಳ್ಳಕೂಡದು. ಬರೆದುಕೊಂಡುದನ್ನು ಬೀದಿಗೆ ತರಕೂಡದು. ಈಗಾಗಲೆ ಇರುವ ಸಾಂತ್ವನ ಚಿಕಿತ್ಸೆಯ ಸ್ವಯಂಸೇವಕರೊಡನೆ ಕೂಡಿ ಇದನ್ನು ನಡೆಸಿದರೆ ಹೊಸತಾಗಿ ಕಟ್ಟಬೇಕಾದುದು ಸ್ವಲ್ಪವೇ.

ಮೂರನೆಯದು, ಮೊದಲೇ ನೋಡಿಸಿಕೊಳ್ಳುವ ಅಭ್ಯಾಸ. ಮೂವತ್ತು ದಾಟಿದವರ ಬಾಯಿ, ಸ್ತ್ರೀಯರ ಸ್ತನ ಮತ್ತು ಗರ್ಭಕೋಶದ ಕಂಠ, ಇವುಗಳ ತಪಾಸಣೆಗೆ 2016ರಲ್ಲಿ ಕೇಂದ್ರ ಸರ್ಕಾರವು ಮಾರ್ಗಸೂಚಿಯನ್ನು ಹೊರಡಿಸಿದೆ. ಆಶಾ ಕಾರ್ಯಕರ್ತೆಯರು ಮನೆಬಾಗಿಲಿಗೆ ಬಂದು ಕರೆದರೂ ನಮ್ಮವರು ನಾಳೆ ಎನ್ನುತ್ತಾರೆ. ಸಂಘದ ಮಹಿಳಾ ವಿಭಾಗದವರು ಭಜನೆಗೆ ಕೂಡುವ ದಿನವೇ ಹತ್ತು ಮಂದಿ ಜೊತೆಯಾಗಿ ಆರೋಗ್ಯ ಕೇಂದ್ರಕ್ಕೆ ಹೋಗಿಬಂದರೆ ಯಾರಿಗೂ ನಾಚಿಕೆಯಿರುವುದಿಲ್ಲ. ಬೇಗ ತಿಳಿದ ರೋಗಕ್ಕೆ ಚಿಕಿತ್ಸೆಯ ಅವಧಿ ಸಾಮಾನ್ಯವಾಗಿ ಕಡಿಮೆ. ಮುಂದೊಮ್ಮೆ ದಾರಿ ಮುಚ್ಚಿದರೂ ಅಂತಹವನು ಮುಚ್ಚುವ ಮುಂಚೆಯೇ ದಾಟಿರುತ್ತಾನೆ.

ನಾಲ್ಕನೆಯದು, ಎರಡು ಸರ್ಕಾರಗಳಿಗೂ ಒಂದು ಮನವಿ. ಮಹಾಮಾರಿ ಬರಲಿ, ನೆರೆ ಬರಲಿ, ಮುಷ್ಕರವಾಗಲಿ, ಗಡಿಯನ್ನು ಯಾವ ಕಾರಣದಿಂದ ಬಿಗಿ ಮಾಡಿದರೂ ಚಿಕಿತ್ಸೆಯಲ್ಲಿರುವ ರೋಗಿಯೂ ಒಬ್ಬ ಜೊತೆಗಾರನೂ ಅಂದೇ ದಾಟುವುದಕ್ಕೆ ಶಾಶ್ವತವಾದ ಲಿಖಿತ ಏರ್ಪಾಟು ಬೇಕು. ಗಡಿಸೀಮೆಯವರಿಗೆ ನೆರೆರಾಜ್ಯದ ಆಸ್ಪತ್ರೆಯಲ್ಲಿಯೂ ತಮ್ಮ ಕಾರ್ಡಿನ ನೆರವು ತಡೆಯಿಲ್ಲದೆ ಸಲ್ಲುವಂತಾಗಬೇಕು. ಇದು ಕಾಸರಗೋಡಿನ ಕೂಗು ಮಾತ್ರವಲ್ಲ. ತಾಳವಾಡಿಯ ಕನ್ನಡಿಗರಿಗೆ ದಿಂಬಂ ಘಟ್ಟವನ್ನಿಳಿದು ಹೋಗಬೇಕಾದ ತಮ್ಮ ಜಿಲ್ಲಾಕೇಂದ್ರ ಈರೋಡಿಗಿಂತ ಚಾಮರಾಜನಗರವೇ ಸಮೀಪ. ಗಡಿಯುದ್ದಕ್ಕೂ ಇರುವ ಸಂಘಗಳೆಲ್ಲ ಒಂದೇ ದನಿಯಲ್ಲಿ ಕೇಳಿದರೆ ಕೇಳಿಸದಿರಲಾರದು. ಈ ಮನವಿಯನ್ನು ಕನ್ನಡದಲ್ಲಿಯೇ ಬರೆಯೋಣ. ತನ್ನ ಕಷ್ಟದ ಪರಿಹಾರಕ್ಕಾಗಿ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಾದರೂ ಅಹವಾಲು ಸಲ್ಲಿಸುವ ಹಕ್ಕನ್ನು ಸಂವಿಧಾನದ 350ನೆಯ ಅನುಚ್ಛೇದವು ಪ್ರಜೆಗೆ ಕೊಟ್ಟಿದೆ. ಕೇರಳದ 1969ರ ಅಧಿಕೃತ ಭಾಷೆಗಳ ಕಾಯಿದೆಯೂ ಕನ್ನಡಿಗರು ಸರ್ಕಾರದೊಡನೆ ಕನ್ನಡದಲ್ಲಿ ಪತ್ರವ್ಯವಹಾರ ನಡೆಸುವುದಕ್ಕೆ ಅವಕಾಶವಿತ್ತಿದೆ. ಇರುವ ಹಕ್ಕನ್ನು ಬಳಸದವನಿಗೆ ಇಲ್ಲದ ಹಕ್ಕನ್ನು ಕೇಳುವ ಬಾಯಿ ಎಲ್ಲಿಯದು?

ಮಹನೀಯರೇ, ಆ ದಿನಗಳಲ್ಲಿ ಹೊರಗೆ ಮಹಾಮಾರಿ, ಒಳಗೆ ಅರ್ಬುದವೆಂದು ಎರಡರ ನಡುವೆ ಸಿಲುಕಿದ್ದವರು ಹೆಚ್ಚೇನೂ ಬೇಡಲಿಲ್ಲ. ಎಂದಿನ ದಾರಿಯಲ್ಲಿ ಎಂದಿನ ಆಸ್ಪತ್ರೆಗೆ ಹೋಗಿಬರಲು ಬಿಡಿ ಎಂದಷ್ಟೇ ಬೇಡಿದರು. ಅವರಲ್ಲಿ ಅನೇಕರು ಇಂದು ನಮ್ಮೊಡನಿಲ್ಲ. ಉಳಿದವರಲ್ಲಿ ಕೆಲವರು ಈ ಸಭೆಯಲ್ಲಿಯೂ ಕುಳಿತಿರಬಹುದು. ಅವರಿಗೆ ನಾವು ಸಲ್ಲಿಸಬಹುದಾದ ಗೌರವವೆಂದರೆ ಮುಂದಿನ ವಾರ್ಷಿಕೋತ್ಸವದ ವೇಳೆಗೆ, ನಾವು ಹೇಳಿದ ನಾಲ್ಕರಲ್ಲಿ ಕನಿಷ್ಠಪಕ್ಷ ಆ ಒಂದು ಹಾಳೆಯಾದರೂ ಅಚ್ಚಾಗಿ, ಬೇಕಾದವರ ಕೈಯಲ್ಲಿರುವಂತೆ ಮಾಡುವುದು. ಅದರ ಕರಡನ್ನು ಸಿದ್ಧಪಡಿಸಲು ಬರುವ ಭಾನುವಾರ ಬೆಳಗ್ಗೆ ಹತ್ತು ಗಂಟೆಗೆ ಸಂಘದ ವಾಚನಾಲಯದಲ್ಲಿ ಕುಳಿತುಕೊಳ್ಳುವುದೆಂದು ಕಾರ್ಯದರ್ಶಿಗಳು ಒಪ್ಪಿದ್ದಾರೆ. ಆಸಕ್ತರು ದಯಮಾಡಿ ಬರಬೇಕು. ವೈದ್ಯರು ಅವಶ್ಯವಾಗಿ ಬರಬೇಕು.